ಕಾಂಡ್ಲಾ ಕಾಡಿಗೆ ಪೆಡಲ್ ಕಯಾಕ್: ದಾವಣಗೆರೆ, ಚಿತ್ರದುರ್ಗದ ಓದುಗರು ಕೇಳಿದ್ದು

ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಗೈಡ್ ಜೊತೆ ಕಾಲಲ್ಲಿ ತುಳಿಯುವ ಕಯಾಕ್ ಹತ್ತಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹೋಗಿಬರುವ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳವು. ಕೆರೆ, ನಾಲೆ, ಬಾವಿ ನೋಡಿ ಬೆಳೆದವರಿಗೆ ಉಪ್ಪುನೀರಿನ ಲೆಕ್ಕ ಬೇರೆ. ಅದಕ್ಕಾಗಿ ಕೆಲವು ಉತ್ತರಗಳನ್ನು ಬಿಡಿಸಿಯೇ ಬರೆದಿದ್ದೇವೆ.

ಪ್ರಶ್ನೆ: ಪಾರ್ಕಿನ ಕೆರೆಯಲ್ಲಿ ಹಂಸದ ಆಕಾರದ ಬೋಟ್ ತುಳಿದಿದ್ದೇವೆ. ಪೆಡಲ್ ಕಯಾಕ್ ಅಂದರೆ ಅದೇನಾ? ಕೈಯಲ್ಲಿ ಹುಟ್ಟು ಹಾಕುವ ಕಯಾಕ್‌ಗಿಂತ ಇದರಲ್ಲಿ ಏನು ಹೆಚ್ಚು?
(ಗೃಹಿಣಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಅದಲ್ಲ. ಹಂಸದ ಬೋಟಿನಲ್ಲಿ ನೀವು ತುಳಿದಾಗ ತಿರುಗುವುದು ನೀರು ಬಡಿಯುವ ಚಕ್ರ. ಅದು ನಿಂತ ನೀರಿಗಷ್ಟೇ ಸರಿ. ಪೆಡಲ್ ಕಯಾಕ್ ಮೂರರಿಂದ ನಾಲ್ಕು ಮೀಟರ್ ಉದ್ದದ, ಮುಕ್ಕಾಲು ಮೀಟರ್‌ಗಿಂತ ತುಸು ಹೆಚ್ಚು ಅಗಲದ ಪ್ಲಾಸ್ಟಿಕ್ ದೋಣಿ. ಒಬ್ಬರು ಕೂರುವಂಥದ್ದು 35ರಿಂದ 55 ಕೆ.ಜಿ. ತೂಗುತ್ತದೆ. ಸೀಟಿನ ಮುಂದೆ, ಎರಡು ಕಾಲುಗಳ ನಡುವೆ, ದೋಣಿಯ ಒಡಲಿನಲ್ಲಿ ಮೇಲಿಂದ ಕೆಳಗಿನ ತನಕ ಒಂದು ಕಂಡಿ ಇರುತ್ತದೆ. ಪೆಡಲ್ ಜೋಡಿಸಿದ ಯಂತ್ರಭಾಗವನ್ನು ಅದರೊಳಗೆ ಇಳಿಸಿ ಲಾಕ್ ಮಾಡುತ್ತಾರೆ.

ಇದರಲ್ಲಿ ಎರಡು ಬಗೆ. ಒಂದು ಫ್ಯಾನ್ ಇರುವುದು: ಸೈಕಲ್ ತುಳಿದಂತೆ ಸುತ್ತಿದರೆ ನೀರಿನೊಳಗೆ ಫ್ಯಾನ್ ತಿರುಗುತ್ತದೆ, ಹಿಂದಕ್ಕೆ ತುಳಿದರೆ ದೋಣಿ ಹಿಂದಕ್ಕೆ ಬರುತ್ತದೆ. ಇನ್ನೊಂದು ರೆಕ್ಕೆ ಇರುವುದು: ಒಂದಾದ ಮೇಲೊಂದು ಕಾಲು ಮುಂದಕ್ಕೆ ಒತ್ತಿದರೆ ಒಡಲಿನ ಕೆಳಗೆ ಎರಡು ರಬ್ಬರಿನಂಥ ರೆಕ್ಕೆಗಳು ಅತ್ತಿತ್ತ ಬೀಸುತ್ತವೆ. ಫ್ಯಾನ್ ಇರುವುದಕ್ಕೆ ಹೆಚ್ಚುಕಡಿಮೆ 45 ಸೆಂ.ಮೀ. ನೀರು ಬೇಕೇ ಬೇಕು. ರೆಕ್ಕೆಯದರಲ್ಲಿ ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ರೆಕ್ಕೆಗಳೆರಡೂ ಒಡಲಿಗೆ ಅಂಟಿಕೊಂಡು ಮಡಚಿಕೊಳ್ಳುತ್ತವೆ. ಮೊಣಕಾಲಿಗೂ ಬಾರದ ನೀರಿನಲ್ಲಿ ಹಾಗೇ ತೇಲಿ ದಾಟಬಹುದು. ಬೇರುಗಳು ತುಂಬಿದ ಕಾಂಡ್ಲಾ ಕಾಲುವೆಗೆ ನಮ್ಮ ಮತ ರೆಕ್ಕೆಯದಕ್ಕೇ. ಆದರೆ ಹಳೆಯ ರೆಕ್ಕೆ ಮಾದರಿಗಳಲ್ಲಿ ಹಿಂದಕ್ಕೆ ಹೋಗುವ ಏರ್ಪಾಡಿಲ್ಲ, ಅದನ್ನು ಹತ್ತುವ ಮೊದಲೇ ಕೇಳಿಕೊಳ್ಳಿ.

ಹೆಚ್ಚೇನು ಎಂದರೆ, ಕೈ ಬಿಡುವಾಗಿರುತ್ತದೆ. ಬೈನಾಕ್ಯುಲರ್ ಹಿಡಿಯಬಹುದು. ಹುಟ್ಟು ನೀರಿಗೆ ಬಡಿಯುವ ಸದ್ದಿಲ್ಲದ್ದರಿಂದ ಹಕ್ಕಿಗಳು ಬೇಗ ಎದ್ದು ಹೋಗುವುದಿಲ್ಲ. ಚುಕ್ಕಾಣಿಯ ಸಣ್ಣ ಹಿಡಿಕೆ ಸೀಟಿನ ಪಕ್ಕದಲ್ಲಿರುತ್ತದೆ. ದೋಣಿ ಚಲಿಸುತ್ತಿದ್ದರೆ ಮಾತ್ರ ಚುಕ್ಕಾಣಿ ಕೆಲಸ ಮಾಡುತ್ತದೆ ಎನ್ನುವುದು ನೆನಪಿರಲಿ. ತಿರುವಿನಲ್ಲಿ ಹೆದರಿ ತುಳಿಯುವುದು ನಿಲ್ಲಿಸಿದವರೇ ಸೀದಾ ಬೇರಿಗೆ ಹೋಗಿ ಬಡಿಯುವುದು.

ಒಂದು ಎಚ್ಚರ. ನಮ್ಮ ಕರಾವಳಿಯಲ್ಲಿ ಹೆಚ್ಚು ಕಡೆ ಸಿಗುವುದು ಕೈಹುಟ್ಟಿನ ಕಯಾಕ್. ಫೋನಿನಲ್ಲಿ 'ಪೆಡಲ್' ಎಂದದ್ದು ಆ ಕಡೆಯವರಿಗೆ 'ಪ್ಯಾಡಲ್' ಎಂದು ಕೇಳಿಸುತ್ತದೆ, ಅಲ್ಲಿಗೆ ಹೋದ ಮೇಲೆ ಜಗಳ. 'ಕಾಲಲ್ಲಿ ತುಳಿಯುವುದಾ, ಕೈಯಲ್ಲಿ ಹುಟ್ಟು ಹಾಕುವುದಾ' ಎಂದೇ ಕೇಳಿ, ದೋಣಿಯ ಫೋಟೊ ತರಿಸಿಕೊಳ್ಳಿ.

ಪ್ರಶ್ನೆ: ನಮಗೆ ರಜೆ ಇರುವುದು ಭಾನುವಾರ ಮಾತ್ರ. ಯಾವ ತಿಂಗಳು, ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು? ಪರಿಚಯದ ಒಂದು ಕುಟುಂಬ ಹೋಗಿ ಕೆಸರಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡಿತಂತೆ.
(ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ)

ಉತ್ತರ: ವಾರಕ್ಕಿಂತ ಮೊದಲು ತಿಥಿ ನೋಡಿ. ವಾಣಿವಿಲಾಸ ಸಾಗರದಲ್ಲಿ ಬೆಳಿಗ್ಗೆ ಇದ್ದಷ್ಟೇ ನೀರು ಸಂಜೆಗೂ ಇರುತ್ತದೆ. ಅಳಿವೆಯಲ್ಲಿ ಹಾಗಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಾರವಾರದ ಕಡೆ ನೀರು ಹತ್ತಿರ ಹತ್ತಿರ 2 ಮೀಟರ್ ಏರಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಈ ಏರಿಳಿತ ತೀರಾ ಕಡಿಮೆ.

ಕೆಸರಿನಲ್ಲಿ ಸಿಕ್ಕಿಕೊಳ್ಳುವುದು ಯಾಕೆಂದು ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು ಇಳಿಯುತ್ತದೆ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಒಟ್ಟು ಇಳಿತ 180 ಸೆಂ.ಮೀ. ಎಂದಿಟ್ಟುಕೊಂಡರೆ ಮೊದಲ ಗಂಟೆಯಲ್ಲಿ ಹೋಗುವುದು ಬರೀ 15 ಸೆಂ.ಮೀ. 'ನೀರು ಇನ್ನೂ ಇದೆ, ಇನ್ನೊಂದು ಕಾಲುವೆ ನೋಡಿಬರೋಣ' ಎನಿಸುವುದು ಆಗಲೇ. ಮುಂದಿನ ಗಂಟೆಗೆ 30, ಅದರ ಮುಂದಿನ ಗಂಟೆಗೆ 45. ಮೂರು ಗಂಟೆ ಕಳೆಯುವಷ್ಟರಲ್ಲಿ 90 ಸೆಂ.ಮೀ. ನೀರು ಹೋಗಿ, ಬಂದ ದಾರಿಯಲ್ಲಿ ಕೆಸರು ಮಾತ್ರ ಉಳಿದಿರುತ್ತದೆ. ನಿಮ್ಮ ಪರಿಚಯದವರಿಗೆ ಆದದ್ದೂ ಬಹುಶಃ ಇದೇ.

ಆದ್ದರಿಂದ ಇಕ್ಕಟ್ಟಾದ ಕಾಲುವೆಗೆ ನುಗ್ಗುವುದು ಏರುವ ನೀರಿನಲ್ಲಿ. ಆಗ ತಳ ತಾಗಿದರೂ ಹತ್ತು ನಿಮಿಷ ಸುಮ್ಮನೆ ಕೂತರೆ ನೀರೇ ಎತ್ತುತ್ತದೆ. ಉಬ್ಬರ ಮುಗಿದು ಒಂದು ಗಂಟೆಯೊಳಗೆ ಹೊರಗಿನ ಅಗಲ ಹೊಳೆಗೆ ಬಂದುಬಿಡಬೇಕು.

ಇನ್ನು ಗಾಳಿ. ಬೆಳಿಗ್ಗೆ ಹತ್ತರ ತನಕ ಅಳಿವೆ ಸಾಮಾನ್ಯವಾಗಿ ಶಾಂತ. ಹನ್ನೊಂದು, ಹನ್ನೆರಡರ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಅದರ ಜೋರು ಹೆಚ್ಚು. ಇಳಿತದ ನೀರು ಕಡಲಿನತ್ತ, ಗಾಳಿ ಕಡಲಿನಿಂದ ಈಚೆಗೆ. ಎರಡೂ ಎದುರಾದ ಕಡೆ ಕುಳ್ಳ ಅಲೆಗಳೆದ್ದು ಮೈಯೆಲ್ಲ ಒದ್ದೆ.

ಎರಡನ್ನೂ ಕೂಡಿಸಿ ನೋಡಿದರೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯೊಳಗೆ ಉಬ್ಬರ ತುಂಬುವ ದಿನ ಬೇಕು. ಅಮಾವಾಸ್ಯೆ, ಹುಣ್ಣಿಮೆಯಂದು ಆ ಕಡಲ ತೀರದಲ್ಲಿ ಹಗಲಿನ ಉಬ್ಬರ ಸುಮಾರು ಹನ್ನೊಂದರ ಆಸುಪಾಸು. ದಿನಕ್ಕೆ 50 ನಿಮಿಷದಂತೆ ಹಿಂದಕ್ಕೆ ಎಣಿಸಿದರೆ ದ್ವಾದಶಿ, ತ್ರಯೋದಶಿ ಸಿಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ದ್ವಾದಶಿಯೋ ತ್ರಯೋದಶಿಯೋ ಬಿದ್ದಿದೆಯೇ ನೋಡಿ, ಗುರುತು ಹಾಕಿ. ಅಷ್ಟಮಿ, ನವಮಿಯ ಭಾನುವಾರವನ್ನು ಬಿಡಿ, ಅಂದು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಇಳಿತ. ಇದು ದಿನ ಆರಿಸಲು ಮಾತ್ರ. ಹೊರಡುವ ಗಂಟೆ ಗೊತ್ತುಮಾಡಲು ಆ ದಿನದ ಉಬ್ಬರ ಇಳಿತದ ಪಟ್ಟಿಯೇ ಬೇಕು. ಅಳಿವೆಯಿಂದ ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಅದನ್ನು ಗೈಡ್ ಹೇಳಬೇಕು. ಹೇಳಲಾಗದ ಗೈಡ್ ಬೇಡ.

ತಿಂಗಳು: ಅಕ್ಟೋಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಹೊಳೆಯ ಕೆಂಪು ನೀರಿನ ಸೆಳೆತವೇ ಬೇರೆ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ, ತೂಕ 95 ಕೆ.ಜಿ. ಹೋಗಬಹುದೇ?
(ಅಂಗಡಿ ಮಾಲೀಕರು, ಹರಿಹರ)

ಉತ್ತರ: ಹೋಗಬಹುದು. ಎರಡು ಅಂಕಿ ನೋಡಿಕೊಳ್ಳಿ.

ಮೊದಲನೆಯದು ದೋಣಿಯ ಮೇಲೆ ಬರೆದಿರುವ ಗರಿಷ್ಠ ಭಾರ. ಅದರ ನೂರಕ್ಕೆ ಎಪ್ಪತ್ತರಷ್ಟು ಮಾತ್ರ ಹೇರುವುದು ಒಳ್ಳೆಯದು. ನೀವು, ನೀರಿನ ಬಾಟಲಿ, ಚೀಲ ಸೇರಿ 100 ಕೆ.ಜಿ. ಎಂದರೆ 145 ಕೆ.ಜಿ.ಗೆ ಮೇಲ್ಪಟ್ಟು ಹೊರುವ ದೋಣಿ ಬೇಕು. ಇಬ್ಬರ ದೋಣಿಯಾದರೆ ಭಾರದವರು ಹಿಂದಿನ ಸೀಟಿಗೆ. ಮೂತಿ ತಗ್ಗಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ.

ಎರಡನೆಯದು ಲೈಫ್ ಜಾಕೆಟ್ಟಿನ ಒಳಗಿನ ಚೀಟಿ. ಅದರಲ್ಲಿ ಜಾಕೆಟ್ ಎಷ್ಟು ಬಲದಿಂದ ತೇಲಿಸುತ್ತದೆ ಎನ್ನುವುದನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. 50 ಎಂದಿದ್ದರೆ ಅದು ಈಜು ಬಲ್ಲವರಿಗೆ. ನಿಮಗೆ 100ರದ್ದು ಬೇಕು. ಅದರ ದಪ್ಪ ಬೆನ್ನು ಸೀಟಿನ ಒರಗಿಗೆ ಸ್ವಲ್ಪ ಅಡ್ಡ ಬರುತ್ತದೆ, ಸಹಿಸಿಕೊಳ್ಳಿ. ಚೀಟಿಯಲ್ಲಿ ಮೈತೂಕದ ಮಿತಿಯೂ ಇರುತ್ತದೆ, 95 ಅದರೊಳಗೆ ಬರಬೇಕು. ಬಕಲ್‌ಗಳನ್ನೆಲ್ಲ ಸೊಂಟದ ಕಡೆಯಿಂದ ಮೇಲಕ್ಕೆ ಬಿಗಿಯುತ್ತ ಬನ್ನಿ. ಆಮೇಲೆ ಯಾರಾದರೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲಕ್ಕೆ ಬಂದರೆ ಸಡಿಲ ಎಂದರ್ಥ. ಹೊರಡುವ ಮೊದಲು ದಡದಲ್ಲಿ ಎದೆಯ ತನಕ ನೀರಿಗಿಳಿದು, ಕಾಲೆತ್ತಿ ಅಂಗಾತ ತೇಲಿ ನೋಡಿ. ಐದು ನಿಮಿಷದ ಕೆಲಸ. ಜಾಕೆಟ್ ನಿಮ್ಮನ್ನು ಹಿಡಿದು ನಿಲ್ಲಿಸುವುದು ಮೈಗೇ ತಿಳಿದ ಮೇಲೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಪ್ರಶ್ನೆ: ಮಗನಿಗೆ 17. ಭದ್ರಾ ನಾಲೆಯಲ್ಲಿ ಈಜಿ ರೂಢಿ, ಜಾಕೆಟ್ ಬೇಡ ಎನ್ನುತ್ತಾನೆ.
(ತಂದೆ, ಚನ್ನಗಿರಿ)

ಉತ್ತರ: ಜಾಕೆಟ್ ಇಲ್ಲದೆ ಕಯಾಕ್ ಇಲ್ಲ ಎಂದು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಬೇರಿಗೆ ತಲೆ ಬಡಿದು ಎಚ್ಚರ ತಪ್ಪಿದವನಿಗೆ ಈಜು ಬಂದೂ ಉಪಯೋಗವಿಲ್ಲ. ನಾಲೆಯಲ್ಲಿ ಈಜುವುದನ್ನೂ ಬಿಡಿಸಿ. ಜಾರುವ ಇಳಿಜಾರು ಗೋಡೆ ಹತ್ತಲಾಗದೆ ಎಷ್ಟೋ ಈಜುಗಾರ ಮಕ್ಕಳೇ ಹೋಗಿದ್ದಾರೆ.

ಪ್ರಶ್ನೆ: ವಯಸ್ಸು 62, ಮಂಡಿನೋವು ಇದೆ. ಪೆಡಲ್ ತುಳಿಯುವುದು ಮಂಡಿಗೆ ಕೆಡುಕೇ? ನಮ್ಮ ಮನೆಯವರಿಗೆ ನೀರೆಂದರೆ ಭಯ, ಅವರನ್ನೂ ಹೇಗೆ ಕರೆದೊಯ್ಯುವುದು?
(ನಿವೃತ್ತ ಶಿಕ್ಷಕರು, ಹೊಳಲ್ಕೆರೆ)

ಉತ್ತರ: ಮಾಸ್ತರರೇ, ಮಂಡಿಗೆ ತೊಂದರೆಯಾಗುವುದು ಹೆಚ್ಚಾಗಿ ಸೀಟು ಹತ್ತಿರ ಇಟ್ಟುಕೊಂಡು ಕೂತಾಗ. ಮಂಡಿ ಎದೆಯತ್ತ ಮಡಚಿ, ಆ ಮಡಚಿದ ಸ್ಥಿತಿಯಿಂದ ಒತ್ತಬೇಕಾಗುತ್ತದೆ. ಕಾಲು ಪೂರ್ತಿ ಚಾಚಿದಾಗ ಮಂಡಿ ತುಸುವೇ ಬಾಗಿರಬೇಕು, ಅಷ್ಟು ದೂರಕ್ಕೆ ಸೀಟನ್ನೋ ಪೆಡಲಿನ ತೋಳನ್ನೋ ಸರಿಸಿ. ಅನೇಕ ಮಾದರಿಗಳಲ್ಲಿ ತೋಳಿನ ಮೇಲೆ ಅಂಕಿ ಹಾಕಿದ ತೂತುಗಳಿರುತ್ತವೆ. ಎರಡೂ ಕಡೆ ಒಂದೇ ಅಂಕಿ ಇದೆಯೇ ನೋಡಿ. ಒಂದು ಕಡೆ 4, ಇನ್ನೊಂದು ಕಡೆ 5 ಇದ್ದರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಬೆರಳ ತುದಿಯಿಂದಲ್ಲ, ಪಾದದ ಉಬ್ಬಿದ ಭಾಗದಿಂದ ಒತ್ತಿ. ಜೋರು ಬೇಡ, ನಿಮಿಷಕ್ಕೆ 40ರಿಂದ 50 ಸುತ್ತು ಸಾಕು.

ಹೋಗುವ ಮೊದಲು ಮೂರು ವಾರ ಮನೆಯಲ್ಲಿ ಒಂದು ಅಭ್ಯಾಸ ಮಾಡಿ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ 20 ನಿಮಿಷ ಕೂರುವುದು. ತೊಡೆಯ ಹಿಂಭಾಗದ ಸ್ನಾಯು ಬಿಗಿಯಿದ್ದವರಿಗೆ ಕಯಾಕಿನಲ್ಲಿ ಮೊದಲು ಸೋಲುವುದು ಸೊಂಟ, ಮಂಡಿ ಆಮೇಲೆ. ಬಿ.ಪಿ., ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವೈದ್ಯರ ಒಪ್ಪಿಗೆ ಪಡೆಯಿರಿ.

ನಿಮ್ಮ ಮನೆಯವರನ್ನು ಒತ್ತಾಯದಿಂದ ದೋಣಿ ಹತ್ತಿಸಬೇಡಿ. ಹೊನ್ನಾವರದಲ್ಲಿ ಶರಾವತಿಯ ದಂಡೆಗೆ ಕಾಂಡ್ಲಾ ಗಿಡಗಳ ನಡುವೆಯೇ ಹಾದುಹೋಗುವ ಕಾಲುದಾರಿ ಕಟ್ಟಿದ್ದಾರೆ. ನೀವು ನೀರಿನಲ್ಲಿ ನೋಡುವ ಬೇರು, ಏಡಿ, ಹಕ್ಕಿಗಳನ್ನು ಅವರು ಒಣ ಕಾಲಿನಲ್ಲೇ ನೋಡಬಹುದು.

ಪ್ರಶ್ನೆ: ಕಳೆದ ವರ್ಷ ಫ್ಯಾನ್ ಇರುವ ಪೆಡಲ್ ಕಯಾಕ್‌ನಲ್ಲಿ ಹೋಗಿದ್ದೆವು. ಮಧ್ಯದಲ್ಲಿ ಪೆಡಲ್ ಬಿಗಿಯಾಯಿತು. ಗೈಡ್ ದೂರದಿಂದ 'ಜೋರಾಗಿ ತುಳೀರಿ' ಎಂದರು, ತುಳಿದೆ, ಒಳಗೆ ಏನೋ ಮುರಿಯಿತು. ದಡಕ್ಕೆ ಬಂದ ಮೇಲೆ ದುರಸ್ತಿ ಖರ್ಚು ನನ್ನಿಂದಲೇ ವಸೂಲಿ ಮಾಡಿದರು. ತಪ್ಪು ನನ್ನದೇ? ಬಿಗಿಯಾದದ್ದು ಯಾಕೆ?
(ಓದುಗರು, ಹಿರಿಯೂರು)

ಉತ್ತರ: ಬಿಗಿಯಾದ ಪೆಡಲನ್ನು ಜೋರಾಗಿ ತುಳಿಯಿರಿ ಎಂದದ್ದೇ ತಪ್ಪು. ಅಲ್ಲಿ ಗೈಡ್ ಹೇಳಬೇಕಾದದ್ದು ಒಂದೇ ಮಾತು: ನಿಲ್ಲಿಸಿ.

ಅಳಿವೆಯಲ್ಲಿ ಫ್ಯಾನಿಗೆ ಸಾಮಾನ್ಯವಾಗಿ ಸುತ್ತಿಕೊಳ್ಳುವುದು ತುಂಡಾದ ಬಲೆಯ ನೈಲಾನ್ ಎಳೆ, ಗಾಳದ ದಾರ, ಪ್ಲಾಸ್ಟಿಕ್ ಚೀಲ. ನೈಲಾನ್ ದಾರ ಫ್ಯಾನಿಗೂ ಅದರ ಕಂಬಕ್ಕೂ ನಡುವಿನ ಕೂದಲೆಳೆಯ ಸಂದಿಗೆ ಹೋಗಿ ಕೂರುತ್ತದೆ. ಒಂದೊಂದು ಸುತ್ತಿಗೂ ಇನ್ನಷ್ಟು ಬಿಗಿ. ಅಲ್ಲಿ ಬಲ ಹಾಕಿದರೆ ಒಳಗಿನ ಹಲ್ಲುಚಕ್ರವೋ, ಫ್ಯಾನ್ ಹಿಡಿದಿರುವ ಪಿನ್ನೋ ಹೋಗುತ್ತದೆ. ರೆಕ್ಕೆಯ ಬಗೆಯಲ್ಲಿ ದಾರದ ಕಾಟ ಕಡಿಮೆ, ಆದರೆ ರೆಕ್ಕೆಗೂ ಒಡಲಿಗೂ ನಡುವೆ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಬೇರಿಗೆ ಜೋರಾಗಿ ಬಡಿದರೆ ರೆಕ್ಕೆಯ ಉಕ್ಕಿನ ಕಂಬಿ ಬಾಗುತ್ತದೆ.

ಮುಂದೆ ಹೀಗಾದರೆ ಮಾಡಬೇಕಾದದ್ದು: ಪೆಡಲ್ ಭಾರವೆನಿಸಿದ ಕ್ಷಣ ಕಾಲು ತೆಗೆಯಿರಿ. ಅರ್ಧ ಸುತ್ತು ಹಿಂದಕ್ಕೆ ತುಳಿದು ನೋಡಿ, ಚೀಲವಾದರೆ ಎಷ್ಟೋ ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಸೀಟಿ ಊದಿ ಗೈಡನ್ನು ಕರೆಯಿರಿ. ಹುಟ್ಟಿನಿಂದ ದೋಣಿಯನ್ನು ಹೊಳೆಯ ಸೆಳೆತದಿಂದ ಪಕ್ಕಕ್ಕೆ ತನ್ನಿ. ಆಮೇಲೆ ಲಾಕ್ ತೆಗೆದು ಯಂತ್ರಭಾಗ ಮೇಲಕ್ಕೆತ್ತಬೇಕು. ಇಲ್ಲೊಂದು ಸೂಕ್ಷ್ಮ: ಎರಡೆಸಳಿನ ಫ್ಯಾನಾದರೆ ಎಸಳುಗಳು ನೆಟ್ಟಗೆ ಮೇಲೆ ಕೆಳಗೆ ನಿಂತಿದ್ದರೆ ಮಾತ್ರ ಕಂಡಿಯಿಂದ ಹೊರಬರುತ್ತವೆ. ಅಡ್ಡ ನಿಂತಿದ್ದಾಗ ಎಳೆದರೆ ಎಸಳು ಮುರಿಯುತ್ತದೆ. ಪೆಡಲ್ ಯಾವ ಸ್ಥಾನದಲ್ಲಿದ್ದರೆ ಎಸಳು ನೆಟ್ಟಗಿರುತ್ತದೆ ಎಂದು ದಡದಲ್ಲೇ ಕೇಳಿ ತಿಳಿದುಕೊಂಡಿರಿ. ರೆಕ್ಕೆಯದಾದರೆ ಎರಡು ಪೆಡಲನ್ನೂ ಒಂದಕ್ಕೊಂದು ಸಮನಾಗಿ ನಿಲ್ಲಿಸಿ ಎತ್ತಬೇಕು. ದಾರವನ್ನು ಎಳೆಯದೆ ಕತ್ತರಿಸಿ ತೆಗೆಯಿರಿ, ಕತ್ತರಿಸಿದ ತುಂಡು ನೀರಿಗಲ್ಲ, ಚೀಲಕ್ಕೆ. ಮತ್ತೆ ಇಳಿಸಿದ ಮೇಲೆ ಲಾಕ್ 'ಟಕ್' ಎಂದಿತೇ, ಅಲುಗಾಡುತ್ತಿಲ್ಲವೇ ನೋಡಿ.

ಇದೇ ಕಾರಣಕ್ಕೆ ಪೆಡಲ್ ಕಯಾಕಿನಲ್ಲೂ ಒಂದು ಕೈಹುಟ್ಟು ಕಟ್ಟಿರಲೇಬೇಕು. ಚುಕ್ಕಾಣಿಯಲ್ಲೂ ಕೆಲವು ಮಾದರಿಗಳಿಗೆ ನೈಲಾನ್ ಪಿನ್ ಇರುತ್ತದೆ. ಬಡಿದಾಗ ಚುಕ್ಕಾಣಿ ಉಳಿಯಲಿ, ಪಿನ್ ಮುರಿಯಲಿ ಎಂದೇ ಹಾಗೆ ಮಾಡಿರುತ್ತಾರೆ. ಗೈಡ್ ಜೇಬಿನಲ್ಲಿ ಇನ್ನೊಂದು ಪಿನ್ ಇರಬೇಕು.

ಹಣದ ವಿಷಯ. ರಶೀದಿ, ಯು.ಪಿ.ಐ. ದಾಖಲೆ, ಜೊತೆಗಿದ್ದವರ ಹೆಸರು ಇಟ್ಟುಕೊಂಡು ಮೊದಲು ಅವರಿಗೇ ಬರವಣಿಗೆಯಲ್ಲಿ ಕೇಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಚಿತ್ರದುರ್ಗದ ಜಿಲ್ಲಾ ಆಯೋಗದಲ್ಲೇ. ಇನ್ನು ಮುಂದೆ ಹತ್ತುವ ಮೊದಲು ದೋಣಿಯ ತಳ, ಫ್ಯಾನ್, ಚುಕ್ಕಾಣಿಯ ಫೋಟೊ ತೆಗೆದುಕೊಳ್ಳಿ.

ಪ್ರಶ್ನೆ: ಕಾಲೇಜಿನ 22 ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕು. ಮುಂಗಡ ಕೊಡುವ ಮೊದಲು ಏನೇನು ಕೇಳಬೇಕು?
(ಉಪನ್ಯಾಸಕಿ, ಜಗಳೂರು)

ಉತ್ತರ: ಮೇಡಂ, ಮೊದಲಿಗೆ 22 ಜನರನ್ನು ಒಟ್ಟಿಗೆ ನೀರಿಗಿಳಿಸಬೇಡಿ. ಹೊಸಬರಾದರೆ ಒಬ್ಬ ಗೈಡಿಗೆ ನಾಲ್ಕೈದು ದೋಣಿ, ಅದಕ್ಕಿಂತ ಹೆಚ್ಚಾದರೆ ಕೊನೆಯ ದೋಣಿ ತಿರುವಿನಾಚೆ ಉಳಿದದ್ದು ಗೊತ್ತೇ ಆಗುವುದಿಲ್ಲ. ಎರಡು ತಂಡ ಮಾಡಿ. ಪ್ರತಿ ತಂಡಕ್ಕೂ ಮುಂದೊಬ್ಬ, ಹಿಂದೊಬ್ಬ ಗೈಡ್ ಬೇಕು, ಎಲ್ಲವೂ ಒಬ್ಬರ ದೋಣಿಯಾದರೆ ನಡುವೆ ಇನ್ನೊಬ್ಬ. ಉಬ್ಬರದ ಹೊತ್ತು ಒಂದೇ ಆದ್ದರಿಂದ ಎರಡನೇ ತಂಡ ಮಾರನೆಯ ದಿನ ಹೋದರೆ ಉತ್ತಮ.

ಕೇಳಬೇಕಾದ ಮುಖ್ಯ ಪ್ರಶ್ನೆ: 'ಅಂದು ಉಬ್ಬರ ಎಷ್ಟು ಗಂಟೆಗೆ?' ಥಟ್ಟನೆ ಉತ್ತರ ಬಂದರೆ ಅರ್ಧ ಪರೀಕ್ಷೆ ಪಾಸು. 'ಯಾವಾಗ ಬಂದ್ರೂ ನಡೀತದೆ' ಎಂದರೆ ಬೇರೆಯವರನ್ನು ನೋಡಿ. ಗೈಡ್ ಬಳಿ ಹತ್ತು ಹದಿನೈದು ಮೀಟರ್ ಎಳೆಯುವ ಹಗ್ಗ, ಚಾಕು, ಪ್ರಥಮ ಚಿಕಿತ್ಸೆಯ ಡಬ್ಬಿ, ನೀರು ಹೋಗದ ಚೀಲದಲ್ಲಿ ಫೋನ್ ಇರಬೇಕು. ಪ್ರತಿ ಜಾಕೆಟ್ಟಿಗೂ ಸೀಟಿ ಬೇಕು. ನೀರಿಗಿಳಿಸುವ ಮೊದಲು ಹದಿನೈದು ನಿಮಿಷವಾದರೂ ದಡದಲ್ಲಿ ಕಲಿಸುತ್ತಾರೆಯೇ, ಗಾಳಿ ಎದ್ದರೆ ರದ್ದು ಮಾಡಿ ಹಣ ಹಿಂತಿರುಗಿಸುತ್ತಾರೆಯೇ, ವಿಮೆ ಇದೆಯೇ, ಸ್ಥಳೀಯ ಅನುಮತಿ ಇದೆಯೇ ಎಂದು ಕೇಳಿ, ಉತ್ತರವನ್ನು ಸಂದೇಶದಲ್ಲಿ ಬರೆಸಿಕೊಳ್ಳಿ. ತುರ್ತಿಗೆ 112, ಕರಾವಳಿ ಪೊಲೀಸರಿಗೆ 1093.

ದೂರದ ಲೆಕ್ಕವನ್ನೂ ಮಕ್ಕಳಿಗೆ ಹೇಳಿಕೊಡಿ. ಹೊಸಬರು ಗಂಟೆಗೆ ನಾಲ್ಕೂವರೆ ಕಿ.ಮೀ. ತುಳಿಯುತ್ತಾರೆ ಎನ್ನಿ, ನೀರಿನ ಸೆಳೆತ ಗಂಟೆಗೆ 2 ಕಿ.ಮೀ. ಮೂರು ಕಿ.ಮೀ. ದಾರಿಗೆ ಸೆಳೆತದ ಜೊತೆ 28 ನಿಮಿಷ, ಅದೇ ದಾರಿ ಸೆಳೆತಕ್ಕೆ ಎದುರಾಗಿ 72 ನಿಮಿಷ. ಉಬ್ಬರದ ಜೊತೆ ಒಳಗೆ ಹೋಗಿ ಇಳಿತದ ಜೊತೆ ಹೊರಗೆ ಬರುವವರಿಗೆ ಎರಡೂ ದಾರಿ ಇಳಿಜಾರು.

ಪ್ರಶ್ನೆ: ಮಗುಚಿದರೆ ಮತ್ತೆ ಹತ್ತುವುದು ಹೇಗೆ?
(ಓದುಗರು, ಹೊಸದುರ್ಗ)

ಉತ್ತರ: ಈ ದೋಣಿಯಲ್ಲಿ ನೀವು ಒಳಗಲ್ಲ, ಮೇಲೆ ಕೂತಿರುತ್ತೀರಿ. ಮಗುಚಿದರೆ ಒಳಗೆ ಸಿಕ್ಕಿಬೀಳುವುದಿಲ್ಲ, ದೋಣಿ ಮುಳುಗುವುದೂ ಇಲ್ಲ. ಆದ್ದರಿಂದ ದೋಣಿ ಬಿಡಬೇಡಿ, ಸೀಟಿ ಊದಿ. ನೀರು ಎದೆಮಟ್ಟ ಎನಿಸಿದರೂ ಕಾಲೂರಿ ನಿಲ್ಲಲು ಹೋಗಬೇಡಿ. ಕಾಂಡ್ಲಾದ ಹೂಳು ಮೊಣಕಾಲು, ಕೆಲವೆಡೆ ತೊಡೆಯ ತನಕ ಎಳೆದುಕೊಳ್ಳುತ್ತದೆ, ಬೇರಿಗಂಟಿದ ಸಿಂಪಿಗಳು ಬ್ಲೇಡಿನಂತೆ ಕೊಯ್ಯುತ್ತವೆ.

ಈಗ ರೆಕ್ಕೆಯೋ ಫ್ಯಾನೋ ಮೇಲ್ಮುಖವಾಗಿರುತ್ತದೆ, ಅದರಿಂದ ಮುಖ ದೂರವಿಡಿ. ಮಧ್ಯಭಾಗಕ್ಕೆ ಬಂದು, ಒಡಲಿನ ಮೇಲೆ ಕೈಚಾಚಿ ಆಚೆ ಅಂಚನ್ನೋ ಪಟ್ಟಿಯನ್ನೋ ಹಿಡಿದು, ಈಚೆ ಅಂಚಿಗೆ ಮೊಣಕಾಲು ಕೊಟ್ಟು ಹಿಂದಕ್ಕೆ ಒರಗಿ. ದೋಣಿ ಉರುಳಿ ಸರಿಯಾಗುತ್ತದೆ. ಆಮೇಲೆ ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಬಡಿಯುತ್ತ, ಎದೆಯನ್ನು ದೋಣಿಯ ಮೇಲೆ ಎಳೆದುಕೊಳ್ಳಿ. ಮೊದಲು ಹೊಟ್ಟೆ ಅಡ್ಡಲಾಗಿ ಮಲಗಲಿ, ನಂತರ ಹೊರಳಿ ಸೀಟಿಗೆ. ಗೈಡ್ ಎದುರು ಬದಿಯನ್ನು ಒತ್ತಿ ಹಿಡಿದಿದ್ದರೆ ಈಜು ಬಾರದವರೂ ಹತ್ತುತ್ತಾರೆ. ಸೋಲುವುದು ಕಾಲು ಕೆಳಕ್ಕೆ ಜೋತುಬಿಟ್ಟು ತೋಳಿನಿಂದ ಮಾತ್ರ ಏಳಲು ಹೋದಾಗ. ಯಂತ್ರಭಾಗವನ್ನು ದೋಣಿಗೆ ಬಳ್ಳಿಯಿಂದ ಕಟ್ಟಿರದಿದ್ದರೆ ಮಗುಚಿದಾಗ ಅದು ಕಳಚಿ ತಳ ಸೇರಬಹುದು.

ಪ್ರಶ್ನೆ: ಕಾಂಡ್ಲಾ ಗಿಡಗಳನ್ನು ಗುರುತಿಸುವುದು ಹೇಗೆ? ಒಂದು ಸಸಿ ತಂದು ಮನೆಯಲ್ಲಿ ಬೆಳೆಸಬಹುದೇ? ಯಾವ ಅಳಿವೆ ಒಳ್ಳೆಯದು?
(ಸಸ್ಯಶಾಸ್ತ್ರ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಮಳೆ ನಿಂತ ಮೇಲೆ ಹೊಳೆಯ ಸಿಹಿನೀರು ಇಳಿಯುತ್ತದೆ, ಉಬ್ಬರದ ಉಪ್ಪು ಒಳಗೇರುತ್ತದೆ. ಶರಾವತಿಯಲ್ಲಿ ಗೇರುಸೊಪ್ಪದಿಂದ ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಉಪ್ಪು ಅಷ್ಟು ಏರುವುದಿಲ್ಲ. ಉಪ್ಪಿನ ಈ ವ್ಯತ್ಯಾಸ ಗಿಡಗಳಲ್ಲಿ, ಚಿಪ್ಪುಗಳಲ್ಲಿ ಕಾಣುತ್ತದೆ. ಅಧ್ಯಯನಕ್ಕಾದರೆ ಅಘನಾಶಿನಿಯೇ ಸರಿ. ಅದು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು, ವಿಸ್ತಾರ 4,801 ಹೆಕ್ಟೇರ್. ಅಲ್ಲಿ ಇಳಿತದ ಹೊತ್ತಿಗೆ ಬಳಚು (ತಿನ್ನುವ ಚಿಪ್ಪು) ಆಯುವ ಹೆಂಗಸರು, ಗಂಡಸರು ನೀರಿನಲ್ಲಿರುತ್ತಾರೆ. ಅವರ ದುಡಿಮೆಯ ನೆಲದ ಮೇಲೆ ದೋಣಿ ಓಡಿಸಬೇಡಿ, ಬಲೆ ಕಟ್ಟಿದ ಗೂಟಗಳಿಂದ ದೂರ ಹೋಗಿ.

ಗುರುತಿಗೆ ಎಲೆ ಬೇಡ, ಬುಡ ನೋಡಿ. ಕೊಡೆಯ ಕಡ್ಡಿಗಳಂತೆ ಕಾಂಡದಿಂದ ಬಾಗಿ ಕೆಸರಿಗೆ ಇಳಿದ ಬೇರುಗಳಿದ್ದರೆ ರೈಜೋಫೊರಾ. ಬುಡದ ಸುತ್ತ ಪೆನ್ಸಿಲ್ ಚುಚ್ಚಿಟ್ಟಂತೆ ಗೇಣುದ್ದದ ಬೇರುಗಳು ಸಾಲಾಗಿ ಮೇಲೆದ್ದಿದ್ದರೆ ಅವಿಸೆನ್ನಿಯಾ. ಬಿಸಿಲೇರಿದ ಮೇಲೆ ಅದರ ಎಲೆಯ ಮೇಲೆ ಉಪ್ಪಿನ ಹರಳು ಮಿನುಗುತ್ತದೆ, ಬೆರಳಿಗೆ ಒರಟಾಗಿ ಹತ್ತುತ್ತದೆ. ಬೇರು ದಪ್ಪ ಶಂಕುವಿನಂತಿದ್ದರೆ ಸೊನ್ನೆರೇಶಿಯಾ. ದಂಡೆಯಂಚಿನಲ್ಲಿ ಮುಳ್ಳೆಲೆ, ನೀಲಿ ಹೂವಿನ ಪೊದೆ ಹೊಳೆಚುಳ್ಳಿ. ಈ ಪೆನ್ಸಿಲ್ ಬೇರುಗಳು ಗಿಡದ ಮೂಗು. ಹೂಳಿನಲ್ಲಿ ಗಾಳಿಯಿಲ್ಲ, ಇಳಿತದಲ್ಲಿ ಅವೇ ಉಸಿರೆಳೆಯುವುದು. ಒಂದು ದೋಣಿ ಮೇಲೆ ಹತ್ತಿದರೆ ಹತ್ತಾರು ಮುರಿಯುತ್ತವೆ. ಅದಕ್ಕೇ ಹೂತ ದೋಣಿಯನ್ನು ಎಳೆದಾಡದೆ ನೀರು ಬರುವ ತನಕ ಕಾಯಿರಿ ಎನ್ನುವುದು.

ಎಕ್ಸೋಕೇರಿಯಾ ಎನ್ನುವ ಮರವೊಂದಿದೆ. ಕೊಂಬೆ ಮುರಿದರೆ ಹಾಲು ಸುರಿಯುತ್ತದೆ, ಕಣ್ಣಿಗೆ ಬಿದ್ದರೆ ಉರಿ, ಕೆಲಹೊತ್ತು ದೃಷ್ಟಿ ಮಂಜು. ಗುರುತು ಗೊತ್ತಿಲ್ಲದ ಕೊಂಬೆ ಹಿಡಿಯಬೇಡಿ, ಹಾಲು ಬಿದ್ದರೆ ಉಜ್ಜದೆ ಕುಡಿಯುವ ನೀರಿನಿಂದ ತೊಳೆಯುತ್ತ ಇರಿ, ನಂತರ ವೈದ್ಯರ ಬಳಿ ಹೋಗಿ.

ಸಸಿಯ ವಿಚಾರ. ರೈಜೋಫೊರಾದ ಬೀಜ ತಾಯಿಮರದ ಮೇಲೇ ಮೊಳೆತು, ನುಗ್ಗೇಕಾಯಿಯಂತೆ ಹಸಿರಾಗಿ ಉದ್ದಕ್ಕೆ ಜೋತಾಡುತ್ತಿರುತ್ತದೆ. ಹತ್ತಿರದಿಂದ ನೋಡಿ: ತುದಿ ಚೂಪು, ಕೆಳಭಾಗ ತುಸು ದಪ್ಪ, ಮೈಮೇಲೆಲ್ಲ ಕಂದು ಚುಕ್ಕೆ. ಬಲಿತಾಗ ಕಳಚಿ ಇಳಿತದಲ್ಲಿ ಬಿದ್ದರೆ ಹೂಳಿನಲ್ಲಿ ನಾಟಿಕೊಳ್ಳಬಹುದು, ಉಬ್ಬರದಲ್ಲಿ ಬಿದ್ದರೆ ತೇಲಿ ಇನ್ನೆಲ್ಲೋ ಬೇರೂರುತ್ತದೆ. ಕಿತ್ತು ತರಬೇಡಿ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಅತಿ ಹೆಚ್ಚು ರಕ್ಷಣೆಯ ವರ್ಗದ್ದು. ನಿಯಮ ಇಲ್ಲದಿದ್ದರೂ, ಆ ಒಂದು ಬೀಜಕ್ಕೆ ಅಲ್ಲಿ ಹಿಡಿಯಲು ಒಂದು ಅಡಿ ದಂಡೆ ಇದೆ. ದಾವಣಗೆರೆಯ ಕುಂಡದಲ್ಲಿ ಏನಿದೆ?

ಪ್ರಶ್ನೆ: ಯಾವ ದಾರಿ, ಏನು ಉಡುಪು, ಏನು ತಿನ್ನಬೇಕು? ಫೋನ್ ಒಯ್ಯಬಹುದೇ?
(ಓದುಗರು, ಚಳ್ಳಕೆರೆ)

ಉತ್ತರ: ದಾವಣಗೆರೆಯಿಂದ ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ 250 ಕಿ.ಮೀ. ಆಸುಪಾಸು. ಚಳ್ಳಕೆರೆಯಿಂದ ನೀವು ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿಯ ಮೇಲೆ ಶಿವಮೊಗ್ಗ ಸೇರಬಹುದು. ಕುಮಟಾಕ್ಕೆ ಹಾವೇರಿ, ಶಿರಸಿ, ದೇವಿಮನೆ ಘಟ್ಟದ ದಾರಿಯೂ ಇದೆ, ಘಟ್ಟ ತೆರೆದಿದೆಯೇ ಎಂದು ಕೇಳಿಕೊಂಡು ಹೊರಡಿ. ಬೆಳಿಗ್ಗೆ ಏಳಕ್ಕೆ ನೀರಿಗಿಳಿಯಬೇಕಾದ್ದರಿಂದ ಹಿಂದಿನ ದಿನವೇ ಹೋಗಿ ತಂಗಬೇಕು. ರಾತ್ರಿಯೆಲ್ಲ ಘಟ್ಟ ಇಳಿದು ನಿದ್ದೆಗೆಟ್ಟು ಕಯಾಕ್ ಹತ್ತುವುದು ಅಪಾಯ.

ಬೇಗ ಒಣಗುವ ತುಂಬುತೋಳಿನ ಅಂಗಿ, ಪೈಜಾಮದಂಥ ಪ್ಯಾಂಟ್. ಸೀರೆ, ದುಪಟ್ಟಾ ಬೇಡ, ಪೆಡಲಿಗೆ ಸಿಕ್ಕಿಕೊಳ್ಳುತ್ತವೆ. ಜೀನ್ಸೂ ಬೇಡ, ಒದ್ದೆಯಾದರೆ ಭಾರ. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಹೋಗುತ್ತದೆ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ ಹಾಕಿ. ಟೋಪಿಗೆ ದಾರ ಇರಲಿ. ಕೊಂಬೆ ತಗ್ಗಾದ ಕಡೆ ಕೆಂಪಿರುವೆ ಗೂಡು ಇರುತ್ತದೆ, ಎಲೆ ಹೊಲಿದಂತೆ ಉಂಡೆಯಾಗಿದ್ದರೆ ತಾಗದಂತೆ ಬಗ್ಗಿ. ಒಬ್ಬರಿಗೆ ಒಂದೂವರೆ ಲೀಟರ್ ಕುಡಿಯುವ ನೀರು ಬೇಕು, ಸುತ್ತಲೂ ಇರುವುದು ಉಪ್ಪುನೀರು. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿಯೋ ಬಾಳೆಹಣ್ಣೋ ಸಾಕು. ಬುತ್ತಿಗೆ ಮಂಡಕ್ಕಿ ಒಗ್ಗರಣೆ ಹಗುರ, ಆದರೆ ಕಾಗದ, ಕವರು ವಾಪಸು ಬರಬೇಕು.

ಫೋನ್ ಒಯ್ಯಿರಿ. ಬಾಯಿ ಮೂರು ಸಲ ಮಡಚಿ ಬಕಲ್ ಹಾಕುವ ರಬ್ಬರ್ ಚೀಲದಲ್ಲಿಟ್ಟು, ಚೀಲವನ್ನು ಸೀಟಿಗೆ ಕಟ್ಟಿ. ಕಾರಿನ ಕೀಲಿಯೂ ಅದರಲ್ಲೇ ಇರಲಿ. ಚೀಲ ಸರಿಯಿದೆಯೇ ಎಂದು ಹಿಂದಿನ ರಾತ್ರಿ ಅದರೊಳಗೆ ಒಂದು ಕಾಗದ ಹಾಕಿ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಒತ್ತಿಟ್ಟು ನೋಡಿ.